ಬೂದನ ಹೆಗಲು

ಸೇತುವೆಯ ಬುಡದಲ್ಲಿ ನಿಂತಿರುವಾಗ ಅವನು ಬಲಗೈಯನ್ನು ಪ್ಯಾಂಟಿನ ಜೇಬಿನಿಂದ ಹೊರಗೆ ತೆಗೆಯುತ್ತಿರಲಿಲ್ಲ. ಕೆಲಸ ಬಿದ್ದಾಗ ಮಾತ್ರ ಆ ಕೈ ಹೊರಗೆ ಬಂದು, ನಿಂತ ಕುದುರೆಯ ಕೊರಳಪಟ್ಟಿಯ ಕೆಳಗೆ ನುಸುಳಿ, ಹೆಬ್ಬೆರಳಿನಿಂದ ಚರ್ಮವನ್ನು ಒತ್ತಿ ನೋಡಿ, ಮತ್ತೆ ಜೇಬು ಸೇರುತ್ತಿತ್ತು. ಒತ್ತಿದಾಗ ಕುದುರೆ ಮೈ ನಡುಗಿಸಿದರೆ ಗಾಡಿ ಅಲ್ಲಿಗೇ ನಿಂತಂತೆ. ಕುದುರೆಯನ್ನು ಬಿಚ್ಚಿ ಪ್ರಾಣಿ ದಯಾಸಂಘದ ಲಾಯಕ್ಕೆ ಒಯ್ಯುವುದು, ಗಾಯ ಆರುವವರೆಗೆ ಅಲ್ಲೇ ಕಟ್ಟುವುದು. ಗಾಡಿಯವರು ಅವನಿಗೆ ಹೆಬ್ಬೆಟ್ಟು ಸಾಹೇಬ ಅಂತ ಹೆಸರಿಟ್ಟಿದ್ದರು. ಬೆರಳಿನಿಂದ ಹುಟ್ಟಿದ ಹೆಸರು ನಿಜ, ಆದರೆ ಅದನ್ನು ಹೇಳುವಾಗ ಅವರ ತುಟಿಯ ಕೊನೆಯಲ್ಲಿ ಏನೋ ಕುಣಿಯುತ್ತಿತ್ತು. ಅವನು ಶಾಲೆ ಮುಗಿಸಿದವನು, ಸಂಘದವರ ತರಬೇತಿಯಲ್ಲಿ ಎಲ್ಲರಿಗಿಂತ ಮುಂದಿದ್ದವನು. ಗಾಡಿಯವರಲ್ಲಿ ಮುಕ್ಕಾಲು ಪಾಲು ಜನಕ್ಕೆ ತಮ್ಮ ಹೆಸರು ಬರೆಯಲು ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತುವವರು ಅವರು, ಹೆಸರು ಇವನಿಗೆ. ಖಾಕಿ ಅಂಗಿ ಹಾಕಿ, ಎದೆಗೆ ಹಿತ್ತಾಳೆಯ ಬಿಲ್ಲೆ ಚುಚ್ಚಿಕೊಂಡು ಮನೆಯಿಂದ ಹೊರಟ ಗಳಿಗೆಯಿಂದ ಅವನಿಗೆ ಆ ಬೆರಳು ಮೈಮೇಲಿನ ಬೇರೆಯವರ ವಸ್ತುವಿನಂತೆ ಭಾರವಾಗುತ್ತಿತ್ತು.

ಪ್ರಾಣಿಗಳ ಮೇಲೆ ಅವನಿಗೆ ಪ್ರೀತಿ ಇತ್ತು ಅನ್ನುವಂತಿಲ್ಲ. ಸಂಘದ ಕಾರ್ಯದರ್ಶಿಯಾದ ಹೆಂಗಸು ಸಭೆಗಳಲ್ಲಿ "ಬಾಯಿಲ್ಲದ ಜೀವಗಳು" ಅಂದಾಗ ಅವನು ನೆಲ ನೋಡುತ್ತಿದ್ದ. ಬಾಯಿಲ್ಲದೆ ಏನು, ಕಚ್ಚಿದರೆ ತೋಳಿನ ಮಾಂಸ ಕಿತ್ತು ಬರುತ್ತದೆ. ಅವನಿಗೆ ಪ್ರೀತಿ ಇದ್ದದ್ದು "ನಿಲ್ಲಿಸು" ಅನ್ನುವ ಮಾತಿನ ಮೇಲೆ. ಗೂಡ್ಸ್ ಯಾರ್ಡಿನ ಗೇಟಿನಿಂದ ಹೊರಟ ಗಾಡಿಗಳು ಸೇತುವೆಯ ಏರು ಹತ್ತುವ ಮುಂಚೆ ಅವನ ಮುಂದೆಯೇ ಹಾಯಬೇಕು. ಏರಿನ ಬುಡಕ್ಕೆ ಬಂದ ಕುದುರೆ ಒಂದು ಸಲ ತಲೆ ತಗ್ಗಿಸಿ, ಉಸಿರು ಬಿಟ್ಟು, ಹೆಗಲು ಕೊಡುವ ಮುನ್ನ ಒಂದಿಷ್ಟು ಹಿಂಜರಿಯುತ್ತದೆ. ಆ ಹಿಂಜರಿಕೆಯಲ್ಲಿ ಅವನು "ನಿಲ್ಲಿಸು" ಅನ್ನುತ್ತಿದ್ದ. ಬಾರುಕೋಲು ಎತ್ತಿದ ಕೈ ಹಾಗೇ ನಿಲ್ಲುತ್ತಿತ್ತು. ತನಗಿಂತ ಎರಡು ಪಟ್ಟು ದಪ್ಪದ ಗಂಡಸರು ಗಾಡಿಯಿಂದ ಇಳಿದು, ಮುಖ ಗಂಟು ಹಾಕಿಕೊಂಡು ಪಕ್ಕಕ್ಕೆ ನಿಲ್ಲುತ್ತಿದ್ದರು. ಆಗ ಮಾತ್ರ ಹೆಬ್ಬೆರಳು ಅವನದೇ ಆಗುತ್ತಿತ್ತು.

ಅವತ್ತು ಬೆಳಿಗ್ಗೆಯೂ ಗೂರಲ ಸೇತುವೆಯ ಕಟ್ಟೆಯ ಮೇಲೆ ಕೂತಿದ್ದ. ಉಸಿರಾಡಿದರೆ ಎದೆಯೊಳಗೆ ಸಿಳ್ಳೆ ಹೊಡೆಯುವ ಈ ಗಾಡಿಯವನ ಹೆಣ್ಣು ಕುದುರೆಯನ್ನು ಅವನು ಹೋದ ವಾರ ಬಿಚ್ಚಿಸಿ ಲಾಯಕ್ಕೆ ಹಾಕಿದ್ದ. ಅಂದಿನಿಂದ ಗೂರಲನಿಗೆ ಕೆಲಸವಿಲ್ಲ. ಕೆಲಸವಿಲ್ಲದವನು ಮನೆಯಲ್ಲಿರಬಹುದಿತ್ತು, ಅವನು ದಿನಾ ಬಂದು ಕಟ್ಟೆಯ ಮೇಲೆ ಕೂತು, ಕಾಲು ಇಳಿಬಿಟ್ಟು, ಸಾಹೇಬ ಯಾವ ಗಾಡಿ ನಿಲ್ಲಿಸುತ್ತಾನೆ ಯಾವುದನ್ನು ಬಿಡುತ್ತಾನೆ ಅಂತ ನೋಡುತ್ತಿದ್ದ. ಬೈಯುತ್ತಿರಲಿಲ್ಲ. ಬೈದಿದ್ದರೆ ಪೊಲೀಸರನ್ನು ಕರೆಯಬಹುದಿತ್ತು. ಸುಮ್ಮನೆ ಸಿಳ್ಳೆಯ ಉಸಿರು ಬಿಡುತ್ತಾ ನೋಡುತ್ತಿದ್ದ. ಬೆನ್ನಿಗೆ ಬೀಳುವ ಆ ಸದ್ದಿಗೆ ಸಾಹೇಬ ನಿಂತ ಭಂಗಿಯನ್ನೇ ಬದಲಿಸುತ್ತಿದ್ದ, ಒಮ್ಮೆ ಈ ಕಾಲಿನ ಮೇಲೆ, ಒಮ್ಮೆ ಆ ಕಾಲಿನ ಮೇಲೆ. ಗೂರಲ ಏನನ್ನು ಕಾಯುತ್ತಿದ್ದಾನೆ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಭಾವನ ಗಾಡಿ ಬರುವಾಗ ಸಾಹೇಬ ನದಿಯ ಕಡೆ ಮುಖ ತಿರುಗಿಸುತ್ತಾನೆ, ಕೈಯನ್ನು ಜೇಬಿನಿಂದ ತೆಗೆಯದೆ "ಹೂಂ, ಹೋಗಿ, ಹೋಗಿ" ಅನ್ನುತ್ತಾನೆ ಅನ್ನುವುದನ್ನು ಗೂರಲ ಕಂಡುಕೊಂಡಿದ್ದ.

ಭಾವ ಅಂದರೆ ಅಕ್ಕನ ಗಂಡ. ತಾಯಿ ತೀರಿಕೊಂಡ ಮೇಲೆ ಅಕ್ಕ ಅವನನ್ನು ತನ್ನ ಜೊತೆಗೇ ಗಂಡನ ಮನೆಗೆ ಕರೆದುಕೊಂಡು ಹೋಗಿದ್ದಳು. ಅವನಿಗೆ ಮಲಗಲು ಕೊಟ್ಟ ಜಾಗ ಲಾಯಕ್ಕೆ ಅಂಟಿಕೊಂಡ ಚಾಚುಕೋಣೆ. ನಡುವೆ ಹಲಗೆಯ ಗೋಡೆ. ಹಲಗೆಯ ಸಂದಿನಿಂದ ಭಾವನ ಕುದುರೆ ಬೂದನ ಬಿಸಿಯುಸಿರು ಬರುತ್ತಿತ್ತು, ಬೂದನ ಕಾಲು ಝಾಡಿಸುವ ಸದ್ದು ಬರುತ್ತಿತ್ತು. ಅವನ ಕನಸುಗಳೆಲ್ಲ ಹಾಗೆ ಲಾಳದ ಸದ್ದಿನಿಂದ ಒಡೆಯುತ್ತಿದ್ದವು. ಬೂದ ಆಗ ಚಿಕ್ಕ ಪ್ರಾಯದ ಗಂಡು ಕುದುರೆ, ಒಲೆಯ ಬೂದಿಯ ಬಣ್ಣ. ಬೆಳಿಗ್ಗೆ ಅಕ್ಕ ಮೊದಲು ಬೂದನ ಮುಂದೆ ಕಾಳಿನ ಬುಟ್ಟಿ ಇಡುತ್ತಿದ್ದಳು, ಆಮೇಲೆ ತಮ್ಮನ ತಟ್ಟೆ. "ಅವನು ದುಡೀತಾನೆ, ಸ್ವಲ್ಪ ತಾಳು," ಅನ್ನುತ್ತಿದ್ದಳು, ನಗುತ್ತಲೇ. ಅವಳಿಗೆ ಅದು ತಮಾಷೆ. ಹಸಿದ ಹೊಟ್ಟೆಯಲ್ಲಿ ನಿಂತು ಕುದುರೆ ಕಾಳು ಜಗಿಯುವ ಸದ್ದನ್ನು ಕೇಳಿಸಿಕೊಂಡವನಿಗೆ ಅದು ಇವತ್ತಿಗೂ ತಮಾಷೆಯಾಗಿರಲಿಲ್ಲ. ಈ ಕೆಲಸವೂ ಭಾವನ ಬಾಯಿಮಾತಿನಿಂದ ಸಿಕ್ಕಿದ್ದು. ಕಾರ್ಯದರ್ಶಿಯ ಮನೆ ಕಟ್ಟಿಸುವಾಗ ಗಾಡಿಯಲ್ಲಿ ಇಟ್ಟಿಗೆ ಹೊಡೆದವನು ಭಾವ. ಇಟ್ಟಿಗೆ ಇಳಿಸುತ್ತಾ "ನಮ್ಮ ಹುಡುಗ ಒಬ್ಬ ಇದಾನೆ ಅಮ್ಮಾ" ಅಂದಿದ್ದ. ನೆಂಟರು ಸೇರಿದಲ್ಲೆಲ್ಲ ಭಾವ ಈಗಲೂ ಹೇಳುತ್ತಿದ್ದ, "ಇವನ ನೌಕರೀನೂ ನಮ್ಮ ಬೂದನೇ ಎಳೆದುಕೊಂಡು ಬಂದಿದ್ದು."

ಕೆಲವು ದಿನಗಳ ಹಿಂದೆ ಅಕ್ಕನ ಮನೆಯಲ್ಲಿ ಊಟ. ಅವನು ಹೆಂಡತಿಯನ್ನು ಕರೆದುಕೊಂಡು ಹೋಗಿದ್ದ. ತಟ್ಟೆಯ ಮುಂದೆ ಕೂರುವ ಹೊತ್ತಿಗೆ ಭಾವ, "ಏ ಹೆಬ್ಬೆಟ್ಟು, ಬೆರಳು ತೊಳ್ಕೊಂಡು ಬಾರಪ್ಪ. ಎಲ್ಲೆಲ್ಲಿ ಇಟ್ಟಿರ್ತೀಯೋ ಏನೋ," ಅಂದ. ಹೆಂಡತಿ ನಕ್ಕಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಆದರೂ ನಗು ಮೂಗಿನಿಂದ ಬಂತು. ಆ ಹೆಸರು ಮನೆಯ ತನಕ ಬಂದಿದೆ ಅನ್ನುವುದು ಅವನಿಗೆ ಗೊತ್ತಾದದ್ದೇ ಆಗ. ಎದ್ದು ಹಿತ್ತಲಿಗೆ ಹೋದ. ನಲ್ಲಿ ಇದ್ದದ್ದು ಲಾಯದ ಗೋಡೆಯ ಪಕ್ಕ. ನೀರು ಬಿಡುವ ಮುಂಚೆಯೇ ವಾಸನೆ ಬಂತು. ಕುದುರೆಯ ಬೆವರಲ್ಲ, ಲದ್ದಿಯಲ್ಲ. ಸಿಹಿಯಾಗಿ ಕೊಳೆತ, ಗಂಟಲಿಗೆ ಅಂಟುವ ವಾಸನೆ. ಅದು ಯಾವುದರ ವಾಸನೆ ಅಂತ ಅವನಿಗಿಂತ ಚೆನ್ನಾಗಿ ಆ ಊರಲ್ಲಿ ಯಾರಿಗೂ ಗೊತ್ತಿರಲಾರದು. ಹಲಗೆಯ ಸಂದಿನಲ್ಲಿ ಬೂದ ಕಂಡಿತು, ಹೆಗಲನ್ನು ಗೋಡೆಗೆ ತಾಗದಂತೆ ಓರೆಯಾಗಿ ಹಿಡಿದುಕೊಂಡು. ಅವನು ಸೋಪು ಹಚ್ಚಿ ಕೈ ತೊಳೆದ. ಒಳಗೆ ಬಂದು ಊಟ ಮಾಡಿದ. ರುಚಿಯಾಗಿತ್ತು, ಅಕ್ಕನ ಕೈ.

ಈಗ ಭಾವನ ಗಾಡಿ ಯಾರ್ಡಿನ ಗೇಟು ದಾಟಿ ಬರುತ್ತಿರುವುದು ಕಾಣಿಸಿತು. ಸಿಮೆಂಟು ಚೀಲದ ಲೋಡು. ಭಾವ ಮುಂದುಗಡೆ ಕೂತಿದ್ದ. ಅಕ್ಕ ಹಿಂದೆ ನಡೆದು ಬರುತ್ತಿದ್ದಳು, ಕೈಯಲ್ಲಿ ಮರದ ಅಡ್ಡೆ ಹಿಡಿದುಕೊಂಡು. ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿದರೆ ಚಕ್ರದ ಕೆಳಗೆ ಅದನ್ನು ಒಡ್ಡುವುದು ಅವಳ ಕೆಲಸ. ಅವನು ನದಿಯ ಕಡೆ ತಿರುಗಿದ. ಬಾಯಿ ಆಗಲೇ "ಹೂಂ, ಹೋಗಿ" ಅನ್ನಲು ತೆರೆದಿತ್ತು. ಹಿಂದಿನಿಂದ ಸಿಳ್ಳೆಯ ಉಸಿರಿನ ನಡುವೆ ಗೂರಲನ ಮಾತು ಬಂತು. ಅಷ್ಟು ದಿನಗಳಲ್ಲಿ ಅವನು ಆಡಿದ ಮೊದಲ ಮಾತು.

"ಸಾಹೇಬ್ರೇ, ನೆಂಟರ ಕುದುರೆಗೆ ಚರ್ಮ ದಪ್ಪ ಇರುತ್ತೋ?"

ಸಾಲಿನಲ್ಲಿದ್ದ ಗಾಡಿಯವರು ನಕ್ಕರು. ದೊಡ್ಡ ನಗುವೇನಲ್ಲ, ಒಬ್ಬ ನಕ್ಕ, ಇನ್ನೊಬ್ಬ ಕೆಮ್ಮಿದ ಹಾಗೆ ಮಾಡಿದ. ಅವನಿಗೆ ಕಿವಿ ಬಿಸಿಯಾಯಿತು. ಕಿವಿಯಿಂದ ಕುತ್ತಿಗೆಗೆ, ಅಲ್ಲಿಂದ ತೋಳಿಗೆ ಆ ಬಿಸಿ ಇಳಿದು ಜೇಬಿನೊಳಗಿನ ಬೆರಳನ್ನು ಮುಟ್ಟಿತು. ಹೆಂಡತಿಯ ಮೂಗಿನಿಂದ ಬಂದ ನಗುವೂ ಈ ನಗುವೂ ಒಂದೇ ಆಗಿ ಕೇಳಿಸಿತು.

"ನಿಲ್ಲಿಸಿ," ಅಂದ.

ಭಾವ ಲಗಾಮು ಎಳೆದ. "ಏನಪ್ಪಾ?"

"ಇಳೀರಿ ಭಾವ. ಕೊರಳಪಟ್ಟಿ ಸಡಿಲಿಸಿ."

ಭಾವ ಅವನ ಮುಖ ನೋಡಿದ, ಕಟ್ಟೆಯ ಮೇಲೆ ಕೂತ ಗೂರಲನನ್ನು ನೋಡಿದ, ಅರ್ಥ ಮಾಡಿಕೊಂಡ. ಬಗ್ಗಿ, ಇಬ್ಬರಿಗೇ ಕೇಳುವ ಹಾಗೆ, "ಇಲ್ಲಿ ಬೇಡ ಕಣೋ. ಇದೊಂದು ಲೋಡು ಮುಟ್ಟಿಸಿ ಬರ್ತೀನಿ. ಸಂಜೆ ಮನೆ ಹತ್ತಿರ ಬಾ, ಏನಿದ್ರೂ ಮಾತಾಡೋಣ," ಅಂದ. ಆ ದನಿಯಲ್ಲಿ ಬೇಡಿಕೆ ಇತ್ತು. ಭಾವ ಅವನ ಹತ್ತಿರ ಏನನ್ನಾದರೂ ಬೇಡಿದ್ದು ಜನ್ಮದಲ್ಲಿ ಅದೇ ಮೊದಲು. ಆ ಒಂದು ಕ್ಷಣ ಎಷ್ಟು ಹಿತವಾಗಿತ್ತೆಂದರೆ ಅವನು ಅದನ್ನು ಇನ್ನಷ್ಟು ಎಳೆಯಬೇಕೆಂದುಕೊಂಡ.

"ನಿಯಮ ಎಲ್ಲರಿಗೂ ಒಂದೇ," ಅಂದ, ಸಾಲಿನ ಕೊನೆಯ ಗಾಡಿಯವನಿಗೂ ಕೇಳುವಂತೆ. ಮಾತು ಕಾರ್ಯದರ್ಶಿಯದು, ತನ್ನ ಬಾಯಲ್ಲಿ ಅದು ಎರವಲು ಚಪ್ಪಲಿಯ ಹಾಗೆ ಸಡಿಲವಾಗಿ ಸದ್ದು ಮಾಡಿತು.

ಭಾವ ಇಳಿಯಲಿಲ್ಲ. ಸಾಹೇಬನೇ ಹೋಗಿ ಪಟ್ಟಿಯ ಬಕಲು ಬಿಚ್ಚಿದ. ಬೂದ ಅವನ ವಾಸನೆ ಹಿಡಿದು ಮೂಗಿನ ಹೊಳ್ಳೆ ಅರಳಿಸಿತು, ಗುರುತು ಸಿಕ್ಕವರ ಹಾಗೆ. ಪಟ್ಟಿಯ ಕೆಳಗಿನ ಚರ್ಮ ಮೇಲುನೋಟಕ್ಕೆ ಸರಿಯಾಗಿಯೇ ಇತ್ತು. ಬೂದಿಬಣ್ಣ, ಎಲ್ಲ ಕಡೆ ಇದ್ದ ಹಾಗೆಯೇ. ಹೆಬ್ಬೆರಳು ಒತ್ತಿದ. ಬಣ್ಣ ಬೆರಳಿಗೆ ಬಂತು. ಅದು ಕೂದಲಲ್ಲ, ಬೂದಿ. ಒಲೆಯ ಬೂದಿಯನ್ನು ಎಣ್ಣೆಯಲ್ಲಿ ಕಲಸಿ ಮೆತ್ತಿದ್ದು. ಅದರ ಕೆಳಗೆ ಬೆರಳು ಒದ್ದೆಯೊಳಗೆ ಇಳಿಯಿತು, ಉಗುರಿನ ಬುಡದ ತನಕ ಇಳಿಯಿತು. ಬೂದ ನಡುಗಲಿಲ್ಲ. ಹಲ್ಲು ಕಚ್ಚಿಕೊಂಡ ಮನುಷ್ಯನ ಹಾಗೆ ದವಡೆ ಬಿಗಿದುಕೊಂಡು, ಏರಿನ ಕಡೆಗೇ ನೋಡುತ್ತಾ ನಿಂತಿತ್ತು. ಅವನು ಬೆರಳನ್ನು ಹೊರಗೆ ಎಳೆದಾಗ ಬೂದಿಯ ಹಿಂದೆ ಕೆಂಪು, ಕೆಂಪಿನ ಹಿಂದೆ ಹಳದಿ ಹರಿದು ಬಂತು. ಆ ವಾಸನೆಗೆ ಹತ್ತಿರ ನಿಂತಿದ್ದ ಗಾಡಿಯವನೊಬ್ಬ ಮುಖ ತಿರುಗಿಸಿದ. ಅವನು ತಲೆ ಎತ್ತಿ ಅಕ್ಕನನ್ನು ನೋಡಿದ. ಅವಳು ಗಾಡಿಯ ಹಿಂದೆ ಅಡ್ಡೆಯನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದಳು. ಆ ಬೂದಿ ಯಾರ ಒಲೆಯದು ಅನ್ನುವುದನ್ನು ಯಾರೂ ಕೇಳಲಿಲ್ಲ.

"ಬಿಚ್ಚಿ," ಅಂದ.

ಭಾವ ಇಳಿದು, ಪಟ್ಟಿ ತೆಗೆದು, ಹಗ್ಗ ತೆಗೆದು, ಬೂದನನ್ನು ಗಾಡಿಯ ಮುಂದೆ ಚಾಚಿದ ಎರಡು ಮೂಕಿಗಳ ನಡುವಿನಿಂದ ಹೊರಗೆ ನಡೆಸಿ ಲಗಾಮನ್ನು ಅವನ ಕೈಗೆ ಕೊಟ್ಟ. ಗಾಡಿಯನ್ನು ದಾರಿಬದಿಗೆ ತಳ್ಳಿಸಿ, ಬೇರೆ ಕುದುರೆಗೆ ಹೇಳಿ ಕಳಿಸುತ್ತಾನೆ ಅಂತ ಅವನು ಕಾದ. ಎಲ್ಲರೂ ಮಾಡುತ್ತಿದ್ದದ್ದು ಅದನ್ನೇ. ಭಾವ ಹೆಗಲ ಮೇಲಿನ ಟವೆಲನ್ನು ಮಡಿಸಿ ಎದೆಗೆ ಅಡ್ಡ ಹಾಕಿಕೊಂಡು, ಅದರ ಮೇಲೆ ಹಗ್ಗ ಬಿಗಿದುಕೊಂಡು, ಖಾಲಿಯಾಗಿದ್ದ ಮೂಕಿಗಳ ನಡುವೆ ತಾನು ಹೋಗಿ ನಿಂತ. ಎರಡು ಮೂಕಿಗಳನ್ನೂ ಕಂಕುಳಿಗೆ ಎತ್ತಿಕೊಂಡ. ಸಾಲಿನಲ್ಲಿ ಯಾರೂ ನಗಲಿಲ್ಲ. ಮುಂದಕ್ಕೆ ಬಗ್ಗಿದ. ಗಾಡಿ ಕದಲಲಿಲ್ಲ. ಮತ್ತೆ ಬಗ್ಗಿದ, ಕುತ್ತಿಗೆಯ ನರಗಳು ಹಗ್ಗದಷ್ಟೇ ದಪ್ಪವಾದವು. ಅಕ್ಕ ಅಡ್ಡೆಯನ್ನು ಸೊಂಟಕ್ಕೆ ಸಿಕ್ಕಿಸಿ ಹಿಂದಿನಿಂದ ಎರಡೂ ಕೈ ಕೊಟ್ಟಳು. ಒಬ್ಬ ಗಾಡಿಯವನು ತನ್ನ ಗಾಡಿಯಿಂದ ಹಾರಿ ಬಂದು ಅವಳ ಪಕ್ಕ ಕೈ ಹಾಕಿದ. ಇನ್ನೊಬ್ಬ ಬಂದ. ಗೂರಲ ಕಟ್ಟೆಯಿಂದ ಇಳಿದು, ಎದೆ ಸಿಳ್ಳೆ ಹೊಡೆಯುತ್ತಿದ್ದರೂ ಬಂದು ಚಕ್ರದ ಅರ ಹಿಡಿದ. ಗಾಡಿ ಕಿರುಗುಟ್ಟಿ ಏರನ್ನು ಮುಟ್ಟಿತು. ಮನುಷ್ಯ ಗಾಡಿ ಎಳೆಯಬಾರದು ಅಂತ ಸಂಘದ ಯಾವ ನಿಯಮದಲ್ಲೂ ಇರಲಿಲ್ಲ.

ತಾನು ಯಾವಾಗ ಬೂದನನ್ನು ದೀಪದ ಕಂಬಕ್ಕೆ ಕಟ್ಟಿದೆ, ಯಾವಾಗ ಗಾಡಿಯ ಹಿಂದೆ ಓಡಿದೆ ಅನ್ನುವುದು ಅವನಿಗೆ ಆಮೇಲೂ ನೆನಪಿಗೆ ಬರಲಿಲ್ಲ. ಅಕ್ಕನ ಕೈಯ ಪಕ್ಕದಲ್ಲಿ, ಸಿಮೆಂಟಿನ ಧೂಳು ಮೆತ್ತಿದ ಹಲಗೆಯ ಮೇಲೆ ತನ್ನ ಕೈ ಇದ್ದದ್ದು ಮಾತ್ರ ನೆನಪು. ಹೆಬ್ಬೆರಳಿನಲ್ಲಿ ಬೂದಿ ಇನ್ನೂ ಹಾಗೇ ಇತ್ತು.

ಅಕ್ಕ ಮುಖ ತಿರುಗಿಸಲಿಲ್ಲ. "ಕೈ ತೆಗಿ," ಅಂದಳು.

"ಅಕ್ಕಾ..."

"ಕೈ ತೆಗಿ ಅಂದೆ."

ತೆಗೆದ. ಗಾಡಿ ಅವನಿಂದ ಒಂದು ಮಾರು ಮುಂದೆ ಹೋಯಿತು, ಎರಡು ಮಾರು ಹೋಯಿತು. ಏರಿನ ನಡುವೆ ಖಾಕಿ ಹಾಕಿಕೊಂಡು ಒಬ್ಬನೇ ನಿಂತಿದ್ದ ಅವನನ್ನು ಬಳಸಿಕೊಂಡು ಉಳಿದ ಗಾಡಿಗಳು ಒಂದೊಂದಾಗಿ ಹತ್ತಿದವು. ಯಾವುದನ್ನೂ ಅವನು ನಿಲ್ಲಿಸಲಿಲ್ಲ.

ಸಂಘದ ಲಾಯ ಇದ್ದದ್ದು ಊರಿನ ಇನ್ನೊಂದು ಕೊನೆಗೆ. ಪೇಟೆಯ ಬೀದಿಯಲ್ಲೇ ನಡೆಸಿಕೊಂಡು ಹೋಗಬೇಕು. ಬೂದ ಬರಲೊಲ್ಲದು. ಹತ್ತು ಹೆಜ್ಜೆಗೊಮ್ಮೆ ನಿಂತು, ಕಿವಿ ನಿಮಿರಿಸಿ, ಸೇತುವೆಯ ಕಡೆ ತಿರುಗಿ, ತನ್ನ ಗಾಡಿಯ ಚಕ್ರದ ಸದ್ದನ್ನು ಹುಡುಕುತ್ತಿತ್ತು. ಅವನು ಎಳೆದ, ಬೈದ, ಯಾರೂ ನೋಡದಾಗ ಮೊಣಕೈಯಿಂದ ತಿವಿದ. ಹಣ್ಣು ಮಾರುವವಳು, "ಏನ್ ಸಾಹೇಬ್ರೇ, ಕುದುರೆ ಮೇಲೆ ಕೂತು ಹೋಗೋದಲ್ವಾ?" ಅಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಿರಬೇಕು. ಅವನಿಗೆ ಅವಳ ಬುಟ್ಟಿಯನ್ನು ಒದೆಯಬೇಕೆನಿಸಿತು. ಗಾಡಿಯಿಲ್ಲದೆ ನಡೆಯುವುದು ಬೂದನಿಗೆ ಗೊತ್ತಿರಲಿಲ್ಲ. ಹಿಂದೆ ಭಾರ ಇದೆ ಅನ್ನುವಂತೆ ಹೆಗಲು ಮುಂದೆ ಮಾಡಿ, ಪ್ರತಿ ಹೆಜ್ಜೆಯನ್ನೂ ಒತ್ತಿ ಊರುತ್ತಿತ್ತು. ಆ ನಡಿಗೆಯನ್ನು ನೋಡಿ ಅವನಿಗೆ ಅಯ್ಯೋ ಅನಿಸಲಿಲ್ಲ, ಅಸಹ್ಯವಾಯಿತು. ಬಿಟ್ಟರೂ ಬಿಡದ ಈ ಪ್ರಾಣಿಯ ವಿಧೇಯತೆಯ ಮೇಲೆ, ಹಲಗೆಯ ಆಚೆ ನಿಂತು ತನಗಿಂತ ಮೊದಲು ಉಂಡ ಅದರ ಹೊಟ್ಟೆಯ ಮೇಲೆ, ಬೆರಳು ಮಾಂಸದೊಳಗೆ ಇಳಿದರೂ ನಡುಗದೆ ಭಾವನ ಮರ್ಯಾದೆ ಕಾಯಲು ನೋಡಿದ ಅದರ ನಿಷ್ಠೆಯ ಮೇಲೆ ಸಿಟ್ಟು ಬಂತು. ತಾನಾದರೋ ನಡುಗಿದ್ದೆ. ಒಬ್ಬ ಗೂರಲ ಒಂದು ಮಾತು ಆಡಿದ್ದಕ್ಕೆ.

ಲಾಯದಲ್ಲಿ ನೇರಳೆ ಬಣ್ಣದ ಔಷಧಿಯ ನೀರಿನಿಂದ ಗಾಯ ತೊಳೆದ. ಬೂದಿ ಬಿಡಿಸುವುದೇ ದೊಡ್ಡ ಕೆಲಸ. ಅದು ಗಾಯದ ಅಂಚಿನಲ್ಲಿ ಗಾರೆಯ ಹಾಗೆ ಕೂತುಬಿಟ್ಟಿತ್ತು. ತೊಳೆದ ಮೇಲೆ ಕಂಡದ್ದು ಅಂಗೈ ಅಗಲದ ಗುಂಡಿ. ತರಬೇತಿಯಲ್ಲಿ ತೋರಿಸಿದ ಚಿತ್ರಗಳಲ್ಲೂ ಅವನು ಇಂಥದ್ದನ್ನು ಕಂಡಿರಲಿಲ್ಲ. ಇದು ಒಂದು ವಾರದ್ದಲ್ಲ. ತಾನು ನದಿ ನೋಡುತ್ತಾ "ಹೋಗಿ, ಹೋಗಿ" ಅಂದ ಪ್ರತಿ ಸಲವೂ ಪಟ್ಟಿ ಇಲ್ಲಿ ಒಂದಿಷ್ಟು ತಿಂದಿದೆ. ಆ ಲೆಕ್ಕಕ್ಕೆ ಈ ಗುಂಡಿಯಲ್ಲಿ ಭಾವನ ಪಾಲು ಎಷ್ಟು, ಅಕ್ಕನ ಪಾಲು ಎಷ್ಟು, ತನ್ನದೆಷ್ಟು? ಪಕ್ಕದ ಅಂಕಣದಲ್ಲಿ ಗೂರಲನ ಹೆಣ್ಣು ಕುದುರೆ ಹುಲ್ಲು ಜಗಿಯುತ್ತಾ ನೋಡುತ್ತಿತ್ತು. ಅದರ ಗಾಯ ಇದರ ಅರ್ಧವೂ ಇರಲಿಲ್ಲ. ಒಡೆಯನ ಹಾಗೆ ಅದೂ ಸುಮ್ಮನೆ ನೋಡುವುದನ್ನು ಕಲಿತಿದೆ ಅನಿಸಿ ಅವನು ಅದಕ್ಕೆ ಬೆನ್ನು ಮಾಡಿ ಕೂತ.

ಸಂಜೆ ಬಿಸಿಲು ಇನ್ನೂ ಇರುವಾಗಲೇ ಅಕ್ಕ ಬಂದಳು. ತಲೆಗೂದಲಿನಲ್ಲಿ, ಹುಬ್ಬಿನಲ್ಲಿ ಸಿಮೆಂಟಿನ ಪುಡಿ. ಕೈಯಲ್ಲಿ ನೆನೆಸಿದ ಕಾಳಿನ ಬುಟ್ಟಿ.

"ತಿಂದನಾ?" ಅಂದಳು.

"ಇಲ್ಲ. ಹುಲ್ಲು ಮುಟ್ಟಿಲ್ಲ."

"ನಿನ್ನ ಕೈಯಿಂದ ತಿನ್ನಲ್ಲ ಅವನು." ಬುಟ್ಟಿ ಇಟ್ಟಳು. ಬೂದ ಮೂತಿ ಹಾಕಿತು. ಅದು ಜಗಿಯುವ ಸದ್ದು ಲಾಯದ ತುಂಬ ಕೇಳಿಸತೊಡಗಿತು. ಅಕ್ಕ ಅದರ ಹಣೆಯ ಮೇಲೆ ಕೈ ಇಟ್ಟುಕೊಂಡೇ, ಅವನ ಕಡೆ ನೋಡದೆ ಕೇಳಿದಳು, "ನಿನಗೆ ಯಾವತ್ತು ಗೊತ್ತಾಯ್ತು?"

"ಏನು?"

"ಪೆದ್ದನ ಹಾಗೆ ಆಡಬೇಡ. ಕೈ ತೊಳೆಯೋಕೆ ಹೋದವನು ಮೂಗು ಹಿಡ್ಕೊಂಡೆ. ಅಡುಗೆಮನೆ ಕಿಟಕಿಯಿಂದ ನೋಡ್ತಾ ಇದ್ದೆ. ಒಳಗೆ ಬಂದು ಹೇಳ್ತಾನೆ, ಈಗ ಹೇಳ್ತಾನೆ ಅಂತ ಕಾದೆ. ನೀನು ಬಂದು ಕೂತು ಎರಡನೇ ಸಲ ಹಾಕಿಸ್ಕೊಂಡೆ."

"ಬೂದಿ ಹಚ್ಚಿದವಳು ನೀನು," ಅಂದ. ಕೆಟ್ಟದಾಗಿ ಕೇಳಿಸಲಿ ಅಂತಲೇ ಅಂದ.

"ಹೌದು, ನಾನೇ. ದಿನಾ ಹಚ್ಚಿದೆ. ಹಚ್ಚುವಾಗ ಅವನ ಕಾಲು ನಡುಗೋದು. ನಿನ್ನ ಭಾವನ ಕೈಗೆ ಬಿಟ್ಟರೆ ಒರಟಾಗಿ ಹಚ್ತಾರೆ ಅಂತ ನಾನೇ ಹಚ್ತಿದ್ದೆ. ಒಂದು ವಾರ ಗಾಡಿ ನಿಲ್ಲಿಸೋಣ ಅಂದರೆ, ನಿಲ್ಲಿಸಿದರೆ ಕಂಟ್ರಾಕ್ಟರು ಮೋಟಾರು ವ್ಯಾನಿಗೆ ಕೊಡ್ತಾನೆ ಅಂತಾರೆ. ಅದೂ ಸುಳ್ಳಲ್ಲ. ನನ್ನ ಒಬ್ಬಳ ಮಾತು ನಡೀಲಿಲ್ಲ. ಅವತ್ತು ನೀನು ಬಾಯಿ ಬಿಟ್ಟಿದ್ದರೆ ಇಬ್ಬರಾಗ್ತಿದ್ದೆವು." ಅವಳು ಈಗ ತಿರುಗಿದಳು. "ನಾಲ್ಕು ಗೋಡೆ ಒಳಗೆ ಆಗ್ತಿದ್ದ ಮಾತನ್ನ ಬೀದೀಲಿ ಆಡಿದೆ. ಕುದುರೆಗೋಸ್ಕರ ಆಡಿದೆ ಅಂತ ನನ್ನ ಮುಂದೆ ಹೇಳಬೇಡ."

ಅವನು ಬಗ್ಗಿ ಔಷಧಿಯ ನೀರಿನ ಪಾತ್ರೆಯನ್ನು ಪಕ್ಕಕ್ಕೆ ಸರಿಸಿದ.

ಅಕ್ಕ ಗಾಯವನ್ನು ತೋರಿಸು ಅಂದಳು. ಮುಚ್ಚಿದ್ದ ಬಟ್ಟೆ ಎತ್ತಿದ. ಬೂದಿಯಿಲ್ಲದೆ ಅದನ್ನು ಅವಳು ಎಷ್ಟೋ ದಿನದಿಂದ ನೋಡಿರಲಿಲ್ಲವೇನೋ. ಬಗ್ಗಿ ತುಂಬ ಹೊತ್ತು ನೋಡಿದಳು. ಅಳುತ್ತಾಳೆ ಅಂದುಕೊಂಡ. ಅವಳು ಬಟ್ಟೆಯನ್ನು ತಾನೇ ಸರಿಯಾಗಿ ಹೊದಿಸಿ ಕೈಯನ್ನು ಸೀರೆಗೆ ಒರೆಸಿಕೊಂಡಳು.

"ಪೂರ್ತಿ ಆರೋ ತನಕ ಕೊಡಬೇಡ," ಅಂದಳು. "ಅವರು ಬಂದು ಕೇಳ್ತಾರೆ. ಕೊಡಬೇಡ. ನಾನೂ ಬರ್ತೀನಿ. ನಾನೂ ಆ ಮನೇಲಿ ಇರೋಳು. ನಾನೇ ಬಂದು ಕೇಳಿದರೂ ಕೊಡಬೇಡ."

ಖಾಲಿ ಬುಟ್ಟಿ ಎತ್ತಿಕೊಂಡು ಹೊರಟುಹೋದಳು. ಊಟ ಮಾಡಿದ್ದೀಯಾ ಅಂತ ಕೇಳಲಿಲ್ಲ. ಅವಳು ಅದನ್ನು ಕೇಳದೆ ಹೋದದ್ದು ಅವನಿಗೆ ನೆನಪಿದ್ದಂತೆ ಎಂದೂ ಇರಲಿಲ್ಲ.

ಆಮೇಲಿನ ದಿನಗಳಲ್ಲಿ ಭಾವ ಗಾಡಿ ಎಳೆದೇ ಎಳೆದ. ಅರ್ಧ ಲೋಡು, ಕಾಲು ಲೋಡು. ಸೇತುವೆಯ ಬುಡಕ್ಕೆ ಬಂದಾಗ ಗಾಡಿಯವರು ತಮ್ಮ ಗಾಡಿಗಳನ್ನು ನಿಲ್ಲಿಸಿ ಬಂದು ತಳ್ಳುತ್ತಿದ್ದರು. ಸಾಹೇಬ ಹೇಳುವ ಮುಂಚೆಯೇ ಅವರೀಗ ಕೊರಳಪಟ್ಟಿಗಳನ್ನು ಬಿಚ್ಚಿ ತೋರಿಸುತ್ತಿದ್ದರು, ಅವನ ಮುಖದ ಮೇಲೆ ಉಗಿದಂತೆ. ಮನೆಯಲ್ಲಿ ಹೆಂಡತಿ, "ನಿಮ್ಮ ಅಕ್ಕನ ಮನೆಗೆ ಇನ್ನು ಮುಖ ಎತ್ತಿಕೊಂಡು ಹೋಗೋ ಹಾಗಿಲ್ಲ," ಅಂದಳು, ತಟ್ಟೆಯನ್ನು ಸದ್ದಾಗುವಂತೆ ಇಟ್ಟು. ಅಕ್ಕ ಬಾರದ ದಿನಗಳಲ್ಲಿ ಬೂದ ಅರೆಹೊಟ್ಟೆ ತಿನ್ನುವುದನ್ನು ಕಲಿಯಿತು. ಗಾಯದ ಅಂಚು ಒಳಕ್ಕೆ ಸೇರತೊಡಗಿತು. ಗುಲಾಬಿ ಬಣ್ಣದ, ಮುಟ್ಟಿದರೆ ಹರಿಯುವಂಥ ತೆಳು ಚರ್ಮ. ಪ್ರತಿದಿನ ಬೆಳಿಗ್ಗೆ ಅದನ್ನು ನೋಡುವಾಗ ಅವನಿಗೆ ಸಮಾಧಾನದ ಹಾಗೆ ಏನೋ ಆಗುತ್ತಿತ್ತು, ಆಗುತ್ತಿದ್ದ ಹಾಗೇ ನಾಚಿಕೆಯೂ ಆಗುತ್ತಿತ್ತು. ಒಂದು ದಿನ ಭಾವ ಸೇತುವೆಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಕಂಟ್ರಾಕ್ಟರು ವ್ಯಾನು ಗೊತ್ತುಮಾಡಿದ್ದಾನಂತೆ ಅಂತ ಯಾರೋ ಅವನಿಗೆ ಕೇಳಲಿ ಅಂತಲೇ ಜೋರಾಗಿ ಹೇಳಿದರು. ಭಾವನ ಬೆನ್ನು ಹಿಡಿದುಕೊಂಡಿದೆ ಅಂತಲೂ ಹೇಳಿದರು.

ಅವರು ಲಾಯದ ಗೇಟಿಗೆ ಬಂದದ್ದು ಒಂದು ಬೆಳಿಗ್ಗೆ. ಅವನು ಬೂದನನ್ನು ಬಿಸಿಲಿಗೆ ಕಟ್ಟಲು ಅಂಗಳಕ್ಕೆ ತಂದಿದ್ದ. ಮುಂದೆ ಅಕ್ಕ. ಅವಳ ಹಿಂದೆ ಸೊಂಟಕ್ಕೆ ಕೈ ಕೊಟ್ಟು ಓರೆಯಾಗಿ ನಿಂತ ಭಾವ. ಅವರ ಹಿಂದೆ ನಾಲ್ಕಾರು ಗಾಡಿಯವರು, ಅವರಲ್ಲಿ ಗೂರಲ. ಗೇಟು ಮುಚ್ಚಿತ್ತು, ಸರಳುಗಳ ನಡುವೆ ಅಕ್ಕನ ಮುಖ ಕಂಡಿತು.

"ಕುದುರೆ ಕೊಡು," ಅಂದಳು.

ಅವನು ಬಾಯಿ ತೆರೆದ. ಆ ಸಂಜೆ ಅವಳಾಡಿದ ಮಾತು ಇಬ್ಬರಿಗೆ ಮಾತ್ರ ಗೊತ್ತಿತ್ತು. ಅದನ್ನು ಈಗ ಹೇಳಿಬಿಟ್ಟರೆ ಇವರೆಲ್ಲರ ಮುಂದೆ ತಾನು ಗೆದ್ದಂತೆ, ಅವಳು ಮಾತ್ರ ಆ ಮನೆಗೆ ವಾಪಸು ಹೋಗಬೇಕು. ಬಾಯಿ ಮುಚ್ಚಿದ.

"ಕೊಡೋ. ಕೆಲಸ ಹೋಯ್ತು. ಬೆನ್ನು ಹೋಯ್ತು. ಇನ್ನೇನು ಹೋಗಬೇಕು ನಿನಗೆ?"

"ಗಾಯ ಆರಿಲ್ಲ ಅಕ್ಕ."

"ನಮ್ಮ ಮನೇಲಿ ಆರುತ್ತೆ. ನಾನು ನೋಡ್ಕೋತೀನಿ."

ಅವನು ಅವಳ ಕಣ್ಣುಗಳನ್ನು ಹುಡುಕಿದ. ಒಂದು ಸನ್ನೆ, ಒಂದು ರೆಪ್ಪೆಯ ಅಲುಗಾಟ ಸಾಕಿತ್ತು. ಕೊಡಬೇಡ, ನಾನು ಹೇಳಿದ್ದು ಹಾಗೇ ಇದೆ ಅನ್ನುವಂಥದ್ದು. ಅವಳ ಕಣ್ಣುಗಳು ಒಣಗಿದ್ದವು, ಅವನನ್ನು ಬಿಟ್ಟು ಎಲ್ಲಿಗೂ ಸರಿಯಲಿಲ್ಲ. ಆ ಸಂಜೆ ಹಾಗೆ ಹೇಳಿದವಳಿಗೆ ಆಗ ಇನ್ನೂ ಕೆಲಸ ಹೋಗಿರಲಿಲ್ಲ, ಗಂಡನ ಬೆನ್ನು ಹಿಡಿದಿರಲಿಲ್ಲ. ಅವತ್ತಿನ ಮಾತೂ ನಿಜವೇ, ಇವತ್ತಿನದೂ ನಿಜವೇ ಇರಬಹುದು. ಸಂಚಿ ಬಿಡಿಸಿ ನೋಡುವ ಹಾಗೆ ಮನುಷ್ಯರ ಮುಖವನ್ನು ಬಿಡಿಸಿ ನೋಡಲಾಗುವುದಿಲ್ಲ. ಅವಳ ಹಿಂದೆ ಸಿಳ್ಳೆಯ ಉಸಿರು ಕೇಳಿಸಿತು. ಬೂದನನ್ನು ಬಿಟ್ಟರೆ ಗೂರಲ ತನ್ನ ಹೆಣ್ಣು ಕುದುರೆಯನ್ನು ಕೇಳುತ್ತಾನೆ. ಬಿಡದಿದ್ದರೆ ತಾನು ಗೂರಲನಿಗೆ ಹೆದರಿಯೇ ಬಿಡಲಿಲ್ಲ ಅಂತ ತನಗೇ ಅನಿಸುತ್ತದೆ. ಒಳ್ಳೆಯ ಕಾರಣಕ್ಕೆ ಇದನ್ನು ಮಾಡುವ ದಾರಿ ಯಾವಾಗಲೋ ಮುಚ್ಚಿಹೋಗಿತ್ತು. ಊಟಕ್ಕೆ ಕೂತ ಆ ಮಧ್ಯಾಹ್ನವೇ ಮುಚ್ಚಿತ್ತೇನೋ. ಉಳಿದದ್ದು ಬೂದನ ಹೆಗಲಿನ ಮೇಲಿನ ಆ ತೆಳು ಚರ್ಮ ಒಂದೇ. ನಾಳೆ ಪಟ್ಟಿ ಬಿದ್ದರೆ ನಾಡಿದ್ದಿಗೆ ಅದು ಇರುವುದಿಲ್ಲ.

"ಆರಿಲ್ಲ," ಅಂದ ಮತ್ತೆ. "ಕೊಡೋಕಾಗಲ್ಲ."

ಭಾವ, "ಬಾ, ಹೋಗೋಣ. ನಾಯಿ ಹತ್ತಿರ ಏನು ಮಾತು," ಅಂದ. ಅಕ್ಕ ಕದಲಲಿಲ್ಲ. ಸರಳುಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಹೊಟ್ಟೆ ತುಂಬ ಹಾಕಿ ಬೆಳೆಸಿದೆ ನಿನ್ನ," ಅಂದಳು. ದನಿ ಏರಿಸಲಿಲ್ಲ, ಆದರೆ ಎಲ್ಲರಿಗೂ ಕೇಳಿಸಿತು. "ಈ ಕುದುರೆ ದುಡಿದು ತಂದಿದ್ದನ್ನೇ ಹಾಕಿ ಬೆಳೆಸಿದೆ. ಅವತ್ತು ನಿನಗೆ ಹಾಕೋದನ್ನೂ ಇದಕ್ಕೇ ಹಾಕಿದ್ದರೆ ಚೆನ್ನಾಗಿತ್ತು. ಇವತ್ತಿಗೆ ನನಗೆ ತಮ್ಮ ಇಲ್ಲ. ನಾನು ಸತ್ತರೂ ನನ್ನ ಮುಖ ನೋಡೋಕೆ ಬರಬೇಡ."

ಅದು ನಾಟಕವಾಗಿದ್ದರೆ ಅದಕ್ಕಿಂತ ಚೆನ್ನಾಗಿ ಯಾರೂ ಆಡಲಾರರು. ನಾಟಕವಲ್ಲದಿದ್ದರೆ ಅವಳು ಹೇಳಿದ್ದು ಹೇಳಿದ ಹಾಗೇ. ಅವನು ಕೊನೆಯ ಸಲ ಅನ್ನುವಂತೆ ಅವಳ ಮುಖ ನೋಡಿದ, ಮತ್ತೆ ಏನೂ ಸಿಗಲಿಲ್ಲ. ಅವಳ ಅಂಗೈಗಳು ಮಾತ್ರ ಕಂಡವು, ಸರಳುಗಳ ಸುತ್ತ. ಹಲಗೆ ತಳ್ಳಿ ತಳ್ಳಿ ಬೊಬ್ಬೆ ಒಡೆದು ಸಿಪ್ಪೆ ಎದ್ದ ಅಂಗೈಗಳು.

ಅವಳ ದನಿಗೆ ಬೂದ ಕಿವಿ ನಿಮಿರಿಸಿತು. ಒಮ್ಮೆ ಕೆನೆಯಿತು. ಆಮೇಲೆ ತಲೆ ತಗ್ಗಿಸಿ, ಉಸಿರು ಬಿಟ್ಟು, ಏರು ಹತ್ತುವಾಗ ಮಾಡುತ್ತಿದ್ದ ಹಾಗೆಯೇ ಹೆಗಲು ಕೊಟ್ಟು ಗೇಟಿನ ಕಡೆಗೆ ಎಳೆಯಿತು. ಹಗ್ಗ ಅವನ ಕೈಯೊಳಗೆ ಸುಡುತ್ತಾ ಜಾರಿತು. "ಬಿಡೋ, ಬಿಡೋ ಅವನನ್ನ," ಅಂತ ಗೇಟಿನ ಆಚೆ ಅಕ್ಕ ಕೂಗಿದಳು. ಕೂಗಿದಷ್ಟೂ ಕುದುರೆ ಎಳೆಯಿತು. ಅವನು ಹಗ್ಗವನ್ನು ಎರಡೂ ಕೈಗೆ ಸುತ್ತಿಕೊಂಡು, ಹಿಮ್ಮಡಿಯನ್ನು ನೆಲಕ್ಕೆ ಊರಿ, ತನ್ನ ಮೈಯ ಭಾರವನ್ನೆಲ್ಲ ಹಾಕಿ, ಬೂದನನ್ನು ಆ ದನಿಯಿಂದ ಒಂದೊಂದೇ ಹೆಜ್ಜೆ ಹಿಂದಕ್ಕೆ ಎಳೆಯತೊಡಗಿದ.